ಮನೆ ವೈಫೈಗೆ ಕಂಡವರೆಲ್ಲ ನುಗ್ಗದಂತೆ ಮಾಡುವುದು ಹೇಗೆ? ಓಣಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳದ ಭಾಗ್ಯನಗರದ ಯಾವುದೇ ಓಣಿಯಲ್ಲಿ ನಿಂತು ಫೋನಿನ ವೈಫೈ ಪಟ್ಟಿ ತೆರೆಯಿರಿ, ಹತ್ತು ಹದಿನೈದು ಹೆಸರು ಒಮ್ಮೆಲೇ ಮೂಡುತ್ತವೆ. ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು. ಯಾರ ಪಡಸಾಲೆ ಎಲ್ಲಿ ಮುಗಿಯಿತೆಂಬುದು ಸಿಗ್ನಲ್ಲಿಗೆ ಗೊತ್ತಾಗುವುದಿಲ್ಲ. ಏಪ್ರಿಲ್ ಬಂತೆಂದರೆ ಜನ ಮಾಳಿಗೆ ಮೇಲೆ ಹಾಸಿಗೆ ಹಾಸುತ್ತಾರೆ. ಆಗ ನಿಮ್ಮ ವೈಫೈ ಡಬ್ಬಿಗೂ (ರೂಟರಿಗೂ) ಪಕ್ಕದ ಮಾಳಿಗೆಯ ಫೋನಿಗೂ ನಡುವೆ ಉಳಿಯುವುದು ಮೊಣಕಾಲೆತ್ತರದ ಗೋಡೆ ಮಾತ್ರ.

ಈ ವಿಷಯದ ಬರಹಗಳಲ್ಲೆಲ್ಲ ಮುಸುಕು ಹಾಕಿಕೊಂಡು ಕತ್ತಲಲ್ಲಿ ಕುಳಿತ ಹ್ಯಾಕರನ ಚಿತ್ರ ಇರುತ್ತದೆ. ನಮ್ಮ ಕಡೆ ನಡೆಯುವುದು ಬೇರೆ. ಇಲ್ಲಿ ಪಾಸ್‌ವರ್ಡ್ ಮುರಿದು ಒಳಬಂದವರಿಗಿಂತ ಕೇಳಿ ಇಸಗೊಂಡು ಬಂದವರೇ ಹೆಚ್ಚು. "ಕಾಕಾ, ನಮ್ ನೆಟ್ ಹೋಗೇತಿ, ಸ್ವಲ್ಪ ವೈಫೈ ಹಾಕ್ಕೊಡ್ರೀ" ಎಂದು ಪಕ್ಕದ ಮನೆಯ ಹುಡುಗ ಬಂದರೆ ಇಲ್ಲ ಅನ್ನುವುದು ಹೇಗೆ? ಗವಿಮಠದ ಜಾತ್ರೆಗೆ ಬಂದ ಬೀಗರು ಕೇಳಿದರೆ? ಮಹಡಿಯ ಬಾಡಿಗೆದಾರರು ಕೇಳಿದರೆ? ಒಬ್ಬರಿಗೆ ಕೊಟ್ಟದ್ದು ವಾರದೊಳಗೆ ಓಣಿಗೆಲ್ಲ ಬಾಯಿಪಾಠ. ಆದ್ದರಿಂದ ಈ ಮಾರ್ಗದರ್ಶಿಗೆ ಎರಡು ಕೆಲಸ: ಅಪರಿಚಿತರು ತಾವಾಗಿ ಒಳಬರದಂತೆ ನೋಡುವುದು, ಪರಿಚಿತರಿಗೆ ಮುಖ ಮುರಿಯದೆ, ಕೊಟ್ಟೂ ಕೊಡದಂತೆ ವೈಫೈ ಕೊಡುವುದು. ನನ್ನ ಮಟ್ಟಿಗೆ ಎರಡನೆಯದೇ ಕಷ್ಟದ್ದು.

ಸ್ವಲ್ಪ ನೆಟ್ ಹೋದರೆ ಏನಾಯಿತು?

ಸ್ಪೀಡ್ ಕಡಿಮೆಯಾಗುವುದು ಸಣ್ಣ ತೊಂದರೆ. ದೊಡ್ಡದು, ನಿಮ್ಮ ವೈಫೈಯಿಂದ ಯಾರು ಏನೇ ಮಾಡಿದರೂ ಹೊರಜಗತ್ತಿಗೆ ಕಾಣುವುದು ನಿಮ್ಮ ಹೆಸರಿನ ಕನೆಕ್ಷನ್. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟವಾಗುವ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಒಂದು ಇಮೇಲ್ ಬಂದಿತ್ತು. ಅದರ ಐಪಿ ವಿಳಾಸ (ಇಂಟರ್ನೆಟ್ ಕನೆಕ್ಷನ್ನಿನ ಗುರುತಿನ ಅಂಕಿ) ಹಿಡಿದು ಹೊರಟ ಪೊಲೀಸರು ಮುಟ್ಟಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯನ್ನು. ಇಮೇಲ್ ಕಳಿಸಿದ್ದು ಬೇರೆಯವರು, ಬಳಸಿದ್ದು ಅವರ ಮನೆಯ ವೈಫೈ. ಮರುವರ್ಷ, 2009ರಲ್ಲಿ, ದೂರಸಂಪರ್ಕ ಇಲಾಖೆ ವೈಫೈ ಭದ್ರಪಡಿಸುವಂತೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ಅಷ್ಟು ದೂರ ಹೋಗುವುದೂ ಬೇಡ. ಒಂದೇ ವೈಫೈಯಲ್ಲಿರುವ ಸಾಧನಗಳು ಒಂದನ್ನೊಂದು ಕಾಣಬಲ್ಲವು. ನಿಮ್ಮ ನೆಟ್ ಬಳಸುವ ಹುಡುಗನ ಲ್ಯಾಪ್‌ಟಾಪಿಗೆ ವೈರಸ್ ಹತ್ತಿದ್ದರೆ ಅದಕ್ಕೆ ನಿಮ್ಮ ಸಿಸಿಟಿವಿ, ಟಿವಿ, ಅಂಗಡಿ ಲೆಕ್ಕದ ಕಂಪ್ಯೂಟರ್ ಎಲ್ಲವೂ ಎದುರಿಗೇ ಇರುತ್ತವೆ.

ಹೆಜ್ಜೆ 1: ಡಬ್ಬಿಯ ಒಳಹೊಕ್ಕು ನೋಡಿ

ಪ್ರತಿ ವೈಫೈ ಡಬ್ಬಿಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ಎಲ್ಲರಿಗೂ ಗೊತ್ತಿರುವ ವೈಫೈ ಪಾಸ್‌ವರ್ಡ್. ಇನ್ನೊಂದು ಡಬ್ಬಿಯ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್. ಮೊದಲನೆಯದು ತಲಬಾಗಿಲ ಕೀಲಿಯಾದರೆ ಎರಡನೆಯದು ತಿಜೋರಿಯದು. ಹೆಚ್ಚಿನ ಮನೆಗಳಲ್ಲಿ ಈ ತಿಜೋರಿಗೆ ಕಾರ್ಖಾನೆಯಿಂದ ಬಂದ ಕೀಲಿಯೇ ಇನ್ನೂ ನೇತಾಡುತ್ತಿರುತ್ತದೆ.

ಮನೆಯ ವೈಫೈಗೆ ಸೇರಿರುವ ಫೋನ್ ಅಥವಾ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ವಿಳಾಸದ ಜಾಗದಲ್ಲಿ 192.168.1.1 ಎಂದು ಹಾಕಿ. ಕೆಲವು ಡಬ್ಬಿಗಳಿಗೆ 192.168.0.1, ಜಿಯೋ ಫೈಬರಿಗೆ 192.168.29.1. ಯಾವುದೂ ತೆರೆಯದಿದ್ದರೆ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಪಕ್ಕದ ಗುರುತು ಒತ್ತಿ ವಿವರ ನೋಡಿ. 'ಗೇಟ್‌ವೇ' ಅಥವಾ 'ರೂಟರ್' ಎಂಬಲ್ಲಿರುವ ಅಂಕಿಗಳೇ ನಿಮ್ಮ ಡಬ್ಬಿಯ ವಿಳಾಸ. ಮೊಬೈಲ್ ಡೇಟಾ ಆಫ್ ಮಾಡಿಕೊಂಡರೆ ಫೋನು ದಾರಿ ತಪ್ಪುವುದಿಲ್ಲ.

ಯೂಸರ್‌ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ಡಬ್ಬಿಯ ತಳದ ಸ್ಟಿಕ್ಕರಿನಲ್ಲಿ ಅಚ್ಚಾಗಿರುತ್ತವೆ. ಹಳೆಯವಕ್ಕೆ ಎರಡೂ 'ಅಡ್ಮಿನ್' ಎಂದೇ ಇರುತ್ತದೆ. ಒಳಹೊಕ್ಕ ಕೂಡಲೇ 'ಸಿಸ್ಟಮ್ ಟೂಲ್ಸ್', 'ಮ್ಯಾನೇಜ್‌ಮೆಂಟ್' ಅಥವಾ 'ಅಡ್ಮಿನಿಸ್ಟ್ರೇಶನ್' ಎಂಬ ಪುಟ ಹುಡುಕಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಅದು ವೈಫೈ ಪಾಸ್‌ವರ್ಡಿನಂತೆ ಇರಕೂಡದು. ಇದನ್ನು ದಿನಾ ಟೈಪ್ ಮಾಡುವುದಿಲ್ಲ, ಹಾಗಾಗಿ ಎಷ್ಟು ಉದ್ದವಿದ್ದರೂ ನಡೆಯುತ್ತದೆ. ಒಂದು ಚೀಟಿಯಲ್ಲಿ ಬರೆದು ಮನೆ ಕಾಗದಪತ್ರ ಇಡುವ ಫೈಲಿನಲ್ಲಿ ಇಡಿ. ಪಾಸ್‌ವರ್ಡ್ ಬರೆದಿಡಬಾರದು ಎಂಬ ಮಾತು ಆಫೀಸಿನ ಮೇಜಿಗೆ ಸರಿ, ಮನೆಯ ಕಪಾಟಿಗೆ ಅನ್ವಯಿಸುವುದಿಲ್ಲ.

ಕಾರ್ಖಾನೆಯ ಕೀಲಿ ಬದಲಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2016ರ ಮಿರಾಯ್ ಸಾಕ್ಷಿ. ಅದೊಂದು ದುಷ್ಟ ಪ್ರೋಗ್ರಾಂ. ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸಿಸಿಟಿವಿ, ಅದರ ದೃಶ್ಯ ಉಳಿಸಿಡುವ ಡಿವಿಆರ್, ರೂಟರುಗಳನ್ನು ಹುಡುಕಿ, ಅರವತ್ತರಷ್ಟು ಸಿದ್ಧ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿತ್ತು. ಅಷ್ಟರಿಂದಲೇ ಲಕ್ಷಾಂತರ ಸಾಧನಗಳು ಅದರ ವಶವಾದವು. ಅವನ್ನೆಲ್ಲ ಒಟ್ಟುಗೂಡಿಸಿ ಅದೇ ವರ್ಷ ಅಕ್ಟೋಬರಿನಲ್ಲಿ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾಗಳ ಮಾಲೀಕರಿಗೆ ಇದ್ಯಾವುದರ ಸುಳಿವೂ ಇರಲಿಲ್ಲ.

ಅಡ್ಮಿನ್ ಪಾಸ್‌ವರ್ಡ್ ಗೊತ್ತೇ ಇಲ್ಲ ಅನ್ನುವವರಿಗೆ ಒಂದು ಎಚ್ಚರಿಕೆ. ಡಬ್ಬಿಯ ಹಿಂದಿನ ಸಣ್ಣ ತೂತಿನೊಳಗೆ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿದರೆ ರಿಸೆಟ್ ಆಗುತ್ತದೆ ಎಂದು ಯೂಟ್ಯೂಬಿನಲ್ಲಿ ತೋರಿಸುತ್ತಾರೆ. ನಿಜ. ಆದರೆ ಬಿಎಸ್ಎನ್ಎಲ್ ಫೈಬರ್ ಮತ್ತು ಎಷ್ಟೋ ಕೇಬಲ್ ಆಪರೇಟರುಗಳ ಕನೆಕ್ಷನ್ನಿನಲ್ಲಿ ಇಂಟರ್ನೆಟ್ಟಿಗೆ ಬೇಕಾದ ಪಿಪಿಪಿಓಇ ಐಡಿ, ಪಾಸ್‌ವರ್ಡ್ ಅದೇ ಡಬ್ಬಿಯೊಳಗೆ ಇರುತ್ತವೆ. ರಿಸೆಟ್ ಮಾಡಿದರೆ ಅವೂ ಅಳಿಸಿಹೋಗುತ್ತವೆ, ಲೈನ್‌ಮನ್ ಬರುವ ತನಕ ನೆಟ್ ಇರುವುದಿಲ್ಲ. ಮೊದಲು ಆಪರೇಟರಿಗೆ ಫೋನ್ ಮಾಡಿ, "ಅಣ್ಣಾರ, ನಮ್ಮ ಪಿಪಿಪಿಓಇ ಐಡಿ ವಾಟ್ಸ್ಯಾಪ್ ಮಾಡ್ರೀ" ಎಂದು ತರಿಸಿಕೊಂಡು ಆಮೇಲೆ ಪಿನ್ನಿಗೆ ಕೈ ಹಾಕಿ.

ಹೆಜ್ಜೆ 2: ಈಗ ಯಾರು ಯಾರು ಇದ್ದಾರೆ?

ಸೆಟ್ಟಿಂಗಿನಲ್ಲಿ 'ಕನೆಕ್ಟೆಡ್ ಡಿವೈಸಸ್' ಅಥವಾ 'ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್' ಎಂಬ ಪಟ್ಟಿ ಇರುತ್ತದೆ. ಅದನ್ನು ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಮನೆಯ ಸಾಧನಗಳನ್ನು ಬರೆದುಕೊಳ್ಳಿ: ಫೋನುಗಳು, ಟಿವಿ, ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿ, ಮಕ್ಕಳ ಟ್ಯಾಬ್, ಅಂಗಡಿಯ ಹಣ ಬಂದದ್ದು ಕೂಗಿ ಹೇಳುವ ಸ್ಪೀಕರ್ ವೈಫೈಯದಾಗಿದ್ದರೆ ಅದೂ. ಪಟ್ಟಿ ನೋಡಿದ ಮೇಲೆ ಎಣಿಸಲು ಕುಳಿತರೆ ಕಂಡದ್ದೆಲ್ಲ ನಮ್ಮದೇ ಅನ್ನಿಸುತ್ತದೆ.

ಪಟ್ಟಿಯಲ್ಲಿ ಕೆಲವಕ್ಕೆ ಫೋನಿನ ಮಾಡೆಲ್ ಹೆಸರಿರುತ್ತದೆ. ಕೆಲವಕ್ಕೆ ಆರು ಜೋಡಿ ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ (ಸಾಧನದ ಗುರುತು) ಮಾತ್ರ. ಗೊತ್ತಿಲ್ಲದ್ದನ್ನು ಕಂಡು ಗಾಬರಿ ಬೇಡ. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಓಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಮುಚ್ಚಿಟ್ಟು ತೋರಿಕೆಯದೊಂದನ್ನು ಕೊಡುತ್ತವೆ. ಮೊದಲ ಜೋಡಿಯ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಬಹುತೇಕ ಅಂಥ ತೋರಿಕೆಯ ವಿಳಾಸ. ಖಚಿತಪಡಿಸಿಕೊಳ್ಳಲು ಮನೆಯ ಫೋನುಗಳ ವೈಫೈಯನ್ನು ಒಂದೊಂದಾಗಿ ಆಫ್ ಮಾಡುತ್ತ ಪಟ್ಟಿಯನ್ನು ರಿಫ್ರೆಶ್ ಮಾಡಿ. ಕೆಲವು ಡಬ್ಬಿಗಳು ಹೋದವರ ಹೆಸರನ್ನೂ ತುಸು ಹೊತ್ತು ತೋರಿಸುತ್ತವೆ, ಆದ್ದರಿಂದ 'ಆ್ಯಕ್ಟಿವ್' ಅಥವಾ 'ಆನ್‌ಲೈನ್' ಎಂದಿರುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮವೆಲ್ಲ ಆರಿದ ಮೇಲೂ ಉಳಿದದ್ದು ಹೊರಗಿನದು.

ಅದನ್ನು ಅಲ್ಲೇ 'ಬ್ಲಾಕ್' ಒತ್ತಿ ಸುಮ್ಮನಾಗುವವರಿದ್ದಾರೆ. ಅದರಿಂದ ಉಪಯೋಗ ಕಡಿಮೆ. ಫೋನಿನ ತೋರಿಕೆ ವಿಳಾಸ ಬದಲಾದರೆ ಅವರು ಮತ್ತೆ ಒಳಗೆ. ಪಾಸ್‌ವರ್ಡ್ ಬದಲಿಸುವುದೊಂದೇ ಗಟ್ಟಿ ಮದ್ದು.

ಹೆಜ್ಜೆ 3: ಮೊಬೈಲ್ ನಂಬರನ್ನು ಪಾಸ್‌ವರ್ಡ್ ಮಾಡಬೇಡಿ

ಕನೆಕ್ಷನ್ ಕೊಡಲು ಬಂದ ಹುಡುಗ "ಪಾಸ್‌ವರ್ಡ್ ಏನ್ ಇಡ್ಲಿರೀ ಸರ?" ಎಂದು ಕೇಳುತ್ತಾನೆ. ನಾವು "ನಮ್ಮ ನಂಬರೇ ಇಡಪಾ, ಮರೆಯಂಗಿಲ್ಲ" ಅನ್ನುತ್ತೇವೆ. ಅದೇ ನಂಬರ್ ಅಂಗಡಿ ಬೋರ್ಡಿನ ಮೇಲಿರುತ್ತದೆ, ಮದುವೆ ಕಾರ್ಡಿನಲ್ಲಿರುತ್ತದೆ, ಬೈಕಿನ ಹಿಂದೆಯೂ ಇರುತ್ತದೆ.

ನಿಮ್ಮ ನಂಬರ್ ಗೊತ್ತಿಲ್ಲದವನಿಗೂ ಇದು ಸುಲಭ. ಲೆಕ್ಕ ಹಾಕಿ ನೋಡಿ. ಡಬ್ಲ್ಯುಪಿಎ2 (ವೈಫೈ ಬೀಗದ ಒಂದು ಮಾದರಿ, ಹೆಜ್ಜೆ 4 ನೋಡಿ) ವೈಫೈಯಲ್ಲಿ ಒಂದು ಫೋನು ಡಬ್ಬಿಗೆ ಸೇರುವ ಕ್ಷಣದಲ್ಲಿ ನಡೆಯುವ ಮಾತುಕತೆಯನ್ನು ಹತ್ತಿರ ಕುಳಿತವರು ಹಿಡಿದಿಟ್ಟುಕೊಳ್ಳಬಹುದು. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಇರುವುದಿಲ್ಲ. ಆದರೆ ಮನೆಗೆ ಹೋಗಿ ನಿಧಾನವಾಗಿ ಒಂದೊಂದೇ ಊಹೆಯನ್ನು ಅದಕ್ಕೆ ತಾಳೆ ನೋಡಬಹುದು, ನಿಮ್ಮ ಡಬ್ಬಿಗೆ ಇದರ ಸುಳಿವೇ ಸಿಗುವುದಿಲ್ಲ. ಭಾರತದ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಗಳು, ಅಂದರೆ ಹೆಚ್ಚೆಂದರೆ 400 ಕೋಟಿ. ಗೇಮಿಂಗ್ ಕಂಪ್ಯೂಟರಿನ ದುಬಾರಿ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಹತ್ತು ಲಕ್ಷ ಊಹೆ ತಾಳೆ ನೋಡಬಲ್ಲದು. ಭಾಗಿಸಿದರೆ 4,000 ಸೆಕೆಂಡ್. ದೇಶದ ಅಷ್ಟೂ ನಂಬರುಗಳನ್ನು ಮುಗಿಸಲು ಒಂದು ತಾಸು ಏಳು ನಿಮಿಷ ಸಾಕು.

ಹಾಗಾದರೆ ಏನಿಡಬೇಕು? ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕನ್ನಡ ಪದಗಳು, ನಡುವೆ ಎಲ್ಲಾದರೂ ಒಂದು ಸಂಖ್ಯೆ. 'ಟ್ರಂಕು ಮಿಡತೆ 47 ಉಪ್ಪಿಟ್ಟು ಸೈಕಲ್' ಎನ್ನುವಂಥದ್ದು (ಇದನ್ನೇ ಇಡಬೇಡಿ, ಇಲ್ಲಿ ಎಲ್ಲರೂ ಓದಿದರು). ಇಂಗ್ಲಿಷ್ ಅಕ್ಷರಗಳಲ್ಲಿ ಜಾಗ ಬಿಡದೆ ಟೈಪ್ ಮಾಡಿ. ಡಬ್ಲ್ಯುಪಿಎ2 ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು, ಇಪ್ಪತ್ತು ದಾಟಿದರೆ ನೆಮ್ಮದಿ. ಊಹಿಸುವವರ ಪಟ್ಟಿಗಳಲ್ಲಿ ಇಂಗ್ಲಿಷ್ ಪದ, ಹೆಸರು, ತಾರೀಖು ತುಂಬಿರುತ್ತವೆ. 'ಉಪ್ಪಿಟ್ಟು' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ, ಇಲ್ಲಿ ಅದು ನಿಮಗೇ ಅನುಕೂಲ. ಮಗಳ ಹೆಸರು, ಮನೆದೇವರ ಹೆಸರು, ಹುಟ್ಟಿದ ವರ್ಷ ಬೇಡ. ಓಣಿಯವರಿಗೆ ಅವೆಲ್ಲ ಗೊತ್ತು.

ವೈಫೈಯ ಹೆಸರನ್ನೂ ಬದಲಿಸಿ. ಕಂಪನಿ ಕೊಟ್ಟ ಹೆಸರು ಡಬ್ಬಿ ಯಾವುದೆಂದು ಹೇಳುತ್ತದೆ, ಮನೆತನದ ಹೆಸರಿಟ್ಟರೆ ಮನೆ ಯಾವುದೆಂದು ಹೇಳುತ್ತದೆ. ಎರಡೂ ಹೊರಗಿನವರಿಗೆ ಬೇಕಾಗಿಲ್ಲ. ಡಬ್ಲ್ಯುಪಿಎ2 ತನ್ನ ಲೆಕ್ಕದಲ್ಲಿ ಪಾಸ್‌ವರ್ಡಿನ ಜತೆ ಈ ಹೆಸರನ್ನೂ ಬೆರೆಸುವುದರಿಂದ, ಎಲ್ಲೆಡೆ ಇರುವ ಹೆಸರಿಗಿಂತ ಅಪರೂಪದ ಹೆಸರಿದ್ದರೆ ಮೊದಲೇ ಲೆಕ್ಕ ಮಾಡಿಟ್ಟ ಊಹೆಯ ಕೋಷ್ಟಕಗಳೂ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 4: ಬೀಗದ ಮಾದರಿ ನೋಡಿ

'ವೈರ್‌ಲೆಸ್ ಸೆಕ್ಯುರಿಟಿ' ಪುಟದಲ್ಲಿ ನಾಲ್ಕೈದು ಆಯ್ಕೆ ಇರುತ್ತವೆ. ಡಬ್ಲ್ಯುಇಪಿ 1997ರದು, 2001ರ ಹೊತ್ತಿಗೇ ಅದರ ಹುಳುಕು ಬಯಲಾಗಿತ್ತು. ಈಗ ನಿಮಿಷಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಬರೀ ಡಬ್ಲ್ಯುಪಿಎ 2003ರ ತಾತ್ಕಾಲಿಕ ತೇಪೆ. 2004ರ ಡಬ್ಲ್ಯುಪಿಎ2 ಇವತ್ತಿಗೂ ಪರವಾಗಿಲ್ಲ, ಆದರೆ ಅದರಲ್ಲಿ 'ಎಇಎಸ್' ಎಂದಿರುವುದನ್ನು ಆರಿಸಿ, 'ಟಿಕೆಐಪಿ' ಬೇಡ. 2018ರ ಡಬ್ಲ್ಯುಪಿಎ3 ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಪ್ರತಿ ಊಹೆಗೂ ಡಬ್ಬಿಯನ್ನೇ ನೇರವಾಗಿ ಕೇಳಬೇಕಾದ್ದರಿಂದ, ಮೇಲೆ ಹೇಳಿದ ಮನೆಗೊಯ್ದು ತಾಳೆ ನೋಡುವ ಆಟ ನಡೆಯುವುದಿಲ್ಲ. ಹಳೆಯ ಟಿವಿ, ಹಳೆಯ ಫೋನು ಡಬ್ಲ್ಯುಪಿಎ3ಗೆ ಸೇರದಿದ್ದರೆ 'ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಕ್ಸ್ಡ್' ಆರಿಸಿ.

2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಪುಟ ಬೇರೆ ಬೇರೆ ಇದ್ದರೆ ಎರಡರಲ್ಲೂ ಬದಲಿಸಬೇಕು. ಒಂದನ್ನು ಸರಿಮಾಡಿ ಇನ್ನೊಂದನ್ನು ಹಳೆ ಪಾಸ್‌ವರ್ಡಿನಲ್ಲೇ ಬಿಡುವುದು ಬಹಳ ಕಡೆ ಆಗುತ್ತದೆ.

ಹೆಜ್ಜೆ 5: ಡಬ್ಲ್ಯುಪಿಎಸ್ ಆಫ್ ಮಾಡಿ

ಪಾಸ್‌ವರ್ಡ್ ಟೈಪ್ ಮಾಡುವ ಕಷ್ಟ ತಪ್ಪಿಸಲೆಂದು ಬಂದ ಸೌಲಭ್ಯ ಇದು. ಇದರ ಒಂದು ಬಗೆಯಲ್ಲಿ ಎಂಟಂಕಿಯ ಪಿನ್ ಇರುತ್ತದೆ. ಎಂಟಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ ಎಂದು ತೋರುತ್ತದೆ. ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರುವಂಥದ್ದು. ಜತೆಗೆ ಡಬ್ಬಿಯು ಪಿನ್ನನ್ನು ಎರಡು ತುಂಡು ಮಾಡಿ, ಮೊದಲ ನಾಲ್ಕು ಸರಿಯೇ ಎಂಬುದನ್ನು ಬೇರೆಯಾಗಿ ತಿಳಿಸಿಬಿಡುತ್ತದೆ. ಹಾಗಾಗಿ 10,000 ಮತ್ತು 1,000 ಸೇರಿ 11,000 ಪ್ರಯತ್ನಗಳಲ್ಲಿ ಕೆಲಸ ಮುಗಿಯುತ್ತದೆ. ಈ ದೋಷ 2011ರಲ್ಲೇ ಬಹಿರಂಗವಾಯಿತು. ನಿಮ್ಮ ಪಾಸ್‌ವರ್ಡ್ ಮೂವತ್ತು ಅಕ್ಷರದ್ದಾದರೂ ಪಿನ್ ಸಿಕ್ಕವನಿಗೆ ಅದು ತಾನಾಗಿ ಸಿಗುತ್ತದೆ. ಹೊಸ ಡಬ್ಬಿಗಳು ಕೆಲವು ತಪ್ಪು ಪಿನ್ ಬಂದರೆ ತುಸು ಹೊತ್ತು ಬಾಗಿಲು ಹಾಕಿಕೊಳ್ಳುತ್ತವೆ, ಆದರೂ ಬೇಡದ ಬಾಗಿಲನ್ನು ಇಟ್ಟುಕೊಳ್ಳುವುದೇಕೆ? 'ಡಬ್ಲ್ಯುಪಿಎಸ್' ಎಂದಿರುವಲ್ಲಿ 'ಡಿಸೇಬಲ್' ಮಾಡಿ.

ಹೆಜ್ಜೆ 6: ಬೀಗರಿಗೆ ಬೇರೆ ವೈಫೈ

ಇಲ್ಲಿ ತುಸು ನಿಧಾನವಾಗಿ ಓದಿ, ಸಂಕೋಚದ ಸಮಸ್ಯೆಗೆ ಇರುವ ಪರಿಹಾರ ಇದೇ. ಈಗಿನ ಹೆಚ್ಚಿನ ಡಬ್ಬಿಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಇರುತ್ತದೆ. ಅದೇ ಡಬ್ಬಿಯಿಂದ ಇನ್ನೊಂದು ಹೆಸರಿನ, ಇನ್ನೊಂದು ಪಾಸ್‌ವರ್ಡಿನ ವೈಫೈ ಹೊರಡುತ್ತದೆ. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್, ಕ್ಯಾಮೆರಾ ಕಾಣುವುದಿಲ್ಲ. ಆನ್ ಮಾಡುವಾಗ 'ಮನೆಯ ಸಾಧನಗಳನ್ನು ನೋಡಲು ಗೆಸ್ಟ್‌ಗೆ ಅನುಮತಿ' ಎಂಬರ್ಥದ ಆಯ್ಕೆ ಇದ್ದರೆ ಟಿಕ್ ತೆಗೆಯಿರಿ. ಸ್ಪೀಡಿಗೆ ಮಿತಿ ಹಾಕಲು ಬಂದರೆ ಹಾಕಿ. ಐದು ಎಂಬಿಪಿಎಸ್ ಕೊಟ್ಟರೆ ವಾಟ್ಸ್ಯಾಪ್, ಯೂಟ್ಯೂಬ್ ಆರಾಮಾಗಿ ನಡೆಯುತ್ತವೆ. ಓಣಿಯ ಹುಡುಗರು ರಾತ್ರಿಯಿಡೀ ಸಿನಿಮಾ ಇಳಿಸಿಕೊಳ್ಳುವುದು ತಾನಾಗಿ ಕಡಿಮೆಯಾಗುತ್ತದೆ, ಯಾರಿಗೂ ಏನೂ ಅನ್ನಬೇಕಾಗಿಲ್ಲ.

ಮುಖ್ಯ ವೈಫೈ ಮನೆಯವರಿಗೆ ಮಾತ್ರ. ಜಾತ್ರೆಗೆ ಬಂದವರು, ಟ್ಯೂಷನ್ನಿಗೆ ಬರುವ ಮಕ್ಕಳು, ಬಾಡಿಗೆದಾರರು ಎಲ್ಲರೂ ಗೆಸ್ಟ್‌ಗೆ. ಜಾತ್ರೆ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ ಗೆಸ್ಟ್ ಪಾಸ್‌ವರ್ಡ್ ಮಾತ್ರ ಬದಲಿಸಿದರೆ ನಿಮ್ಮ ಟಿವಿ, ಕ್ಯಾಮೆರಾಗಳನ್ನು ಮತ್ತೆ ಜೋಡಿಸುವ ರಗಳೆ ಇರುವುದಿಲ್ಲ. ಬಾಡಿಗೆದಾರರಿಗೆ ಕಾಯಂ ಕೊಡುವುದಾದರೆ ಒಂದು ಮಾತು: ಕನೆಕ್ಷನ್ ನಿಮ್ಮ ಹೆಸರಲ್ಲಿದೆ, ಅವರಿಂದ ಏನಾದರೂ ನಡೆದರೆ ಮೊದಲ ಕರೆ ನಿಮಗೇ ಬರುತ್ತದೆ. ಅವರೇ ಬೇರೆ ಕನೆಕ್ಷನ್ ಹಾಕಿಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಒಂದು ಉಪಾಯ ನನಗೆ ಬಹಳ ಇಷ್ಟ. ಈಗಿರುವ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನು ಗೆಸ್ಟ್ ನೆಟ್‌ವರ್ಕಿಗೆ ಕೊಟ್ಟು, ಮುಖ್ಯ ನೆಟ್‌ವರ್ಕಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಇಡಿ. ಹಿಂದೆ ಪಡೆದವರ ಫೋನುಗಳು ತಮ್ಮ ಪಾಡಿಗೆ ಗೆಸ್ಟ್‌ಗೆ ಸೇರಿಕೊಳ್ಳುತ್ತವೆ. "ಪಾಸ್‌ವರ್ಡ್ ಯಾಕ ಬದಲಿ ಮಾಡಿದ್ರೀ?" ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಹಳೆಯ ಪಾಸ್‌ವರ್ಡ್ ಗೊತ್ತಿರುವವರು ನಂಬಿಕಸ್ಥರೇ ಆಗಿದ್ದರೆ ಮಾತ್ರ ಇದು ಸರಿ. ಹಳೆಯದು ಮೊಬೈಲ್ ನಂಬರಾಗಿದ್ದರೆ ಅಥವಾ ಹೆಜ್ಜೆ 2ರಲ್ಲಿ ಗುರುತಿಲ್ಲದ ಸಾಧನ ಸಿಕ್ಕಿದ್ದರೆ ಈ ಉಪಾಯ ಬೇಡವೇ ಬೇಡ. ಗೆಸ್ಟ್‌ನಲ್ಲಿದ್ದರೂ ಹೊರಗೆ ಕಾಣುವುದು ನಿಮ್ಮ ಕನೆಕ್ಷನ್ನೇ.

ಆಂಡ್ರಾಯ್ಡ್ 10ರಿಂದ ಬಂದಿರುವ ವೈಫೈ ಕ್ಯೂಆರ್ ಕೋಡಿನ ಬಗ್ಗೆಯೂ ಹೇಳಬೇಕು. ಕ್ಯೂಆರ್ ತೋರಿಸಿದರೆ ಪಾಸ್‌ವರ್ಡ್ ಹೇಳಿದಂತಾಗಲಿಲ್ಲ ಎಂದು ಕೆಲವರ ನಂಬಿಕೆ. ಆ ಚೌಕದೊಳಗೆ ಪಾಸ್‌ವರ್ಡ್ ಇದ್ದ ಹಾಗೇ ಬರೆದಿರುತ್ತದೆ, ಸ್ಕ್ಯಾನ್ ಮಾಡಿದವರು ಓದಿಕೊಳ್ಳಬಹುದು. ಗೆಸ್ಟ್ ವೈಫೈಯ ಕ್ಯೂಆರ್ ಪ್ರಿಂಟ್ ತೆಗೆದು ಪಡಸಾಲೆಯ ಗೋಡೆಗೆ ಅಂಟಿಸಿ, ಮುಖ್ಯ ವೈಫೈಯದನ್ನು ಯಾರಿಗೂ ತೋರಿಸಬೇಡಿ.

ಡಬ್ಬಿಯ ತಳದ ಸ್ಟಿಕ್ಕರ್ ಕೂಡ ಹೀಗೆಯೇ. ಲೈನ್‌ಮನ್ ಅದರ ಫೋಟೋ ತೆಗೆದುಕೊಂಡು ಹೋಗಿರುತ್ತಾನೆ. ಅವನ ಕೆಲಸಕ್ಕೆ ಬೇಕು, ತಪ್ಪೇನಿಲ್ಲ. ಅವನು ಹೋದ ಮೇಲೆ ಸ್ಟಿಕ್ಕರಿನಲ್ಲಿರುವ ಎರಡೂ ಪಾಸ್‌ವರ್ಡ್ ಬದಲಾಗಿದ್ದರೆ ಆಯಿತು.

ಹೆಜ್ಜೆ 7: ಸಿಸಿಟಿವಿ ಮತ್ತು ತೆರೆದ ಕಿಂಡಿಗಳು

ಗಂಗಾವತಿಯ ಅಕ್ಕಿ ಗಿರಣಿಗಳಿಂದ ಹಿಡಿದು ಬಳ್ಳಾರಿಯ ಮನೆ ಮನೆಯ ಜೀನ್ಸ್ ಹೊಲಿಗೆ ಘಟಕಗಳವರೆಗೆ ಈಗ ಎಲ್ಲೆಲ್ಲೂ ಸಿಸಿಟಿವಿ. ಮಾಲೀಕರು ಫೋನಿನಲ್ಲಿ ನೋಡಬೇಕೆಂದು ಹೇಳಿದಾಗ ಕೆಲವು ಕಡೆ ಅಳವಡಿಸುವವರು ಡಬ್ಬಿಯಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿಟ್ಟು ಹೋಗುತ್ತಾರೆ. ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ನೇರ ನಿಮ್ಮ ಡಿವಿಆರಿಗೆ ಒಂದು ಕಿಂಡಿ. ಡಿವಿಆರಿನ ಪಾಸ್‌ವರ್ಡ್ 'ಅಡ್ಮಿನ್', '12345' ಎಂದಿದ್ದರೆ ನಿಮ್ಮ ಅಂಗಳ ಎಲ್ಲೋ ಕುಳಿತವರಿಗೆ ಕಾಣುತ್ತದೆ, ಮಲಗುವ ಕೋಣೆಯ ಕ್ಯಾಮೆರಾ ಇದ್ದರೆ ಅದೂ.

ಡಬ್ಬಿಯ 'ಪೋರ್ಟ್ ಫಾರ್ವರ್ಡಿಂಗ್' ಅಥವಾ 'ವರ್ಚುವಲ್ ಸರ್ವರ್' ಪುಟ ನೋಡಿ, ನಿಮಗೆ ಗೊತ್ತಿಲ್ಲದ್ದು ಇದ್ದರೆ ಬರೆದಿಟ್ಟುಕೊಂಡು ಅಳಿಸಿ. ಕಂಪನಿಯ ಆ್ಯಪ್ ಮೂಲಕ ನೋಡುವ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಈ ಕಿಂಡಿ ಬೇಕಿಲ್ಲ. 'ಯುಪಿಎನ್‌ಪಿ' ಎಂಬುದನ್ನೂ ಆಫ್ ಮಾಡಿ, ಮನೆಯೊಳಗಿನ ಯಾವುದೇ ಸಾಧನ ಕೇಳಿದರೂ ಕಿಂಡಿ ತೆರೆದುಕೊಡುವ ಸೌಲಭ್ಯ ಅದು. ಮಕ್ಕಳ ಯಾವುದಾದರೂ ಆನ್‌ಲೈನ್ ಆಟ ತಕರಾರು ಮಾಡಿದರೆ ಆಮೇಲೆ ಯೋಚಿಸೋಣ. ಡಿವಿಆರ್, ಕ್ಯಾಮೆರಾ ಎರಡರ ಪಾಸ್‌ವರ್ಡನ್ನೂ ಬದಲಿಸಿ.

ಗೆಸ್ಟ್ ನೆಟ್‌ವರ್ಕನ್ನು ಹೊರಗಿನವರಿಗೆ ಕೊಡದ ಮನೆಗಳಲ್ಲಿ ವೈಫೈ ಕ್ಯಾಮೆರಾಗಳನ್ನು ಅದಕ್ಕೇ ಸೇರಿಸುವುದು ಇನ್ನೂ ಒಳ್ಳೆಯದು. ಆ್ಯಪಿನಲ್ಲಿ ಅವು ಎಂದಿನಂತೆ ಕಾಣುತ್ತವೆ. ಕ್ಯಾಮೆರಾದ ವಿಳಾಸ ಒತ್ತಿ ಮನೆಯೊಳಗಿಂದ ನೇರ ನೋಡುವವರಿಗೆ ಮಾತ್ರ ಇದು ಆಗಿಬರುವುದಿಲ್ಲ.

'ರಿಮೋಟ್ ಮ್ಯಾನೇಜ್‌ಮೆಂಟ್' ಎಂದಿದ್ದರೆ ಅದೂ ಆಫ್. ಹೊರಗಿನಿಂದ ಡಬ್ಬಿಯ ಸೆಟ್ಟಿಂಗ್ ತೆರೆಯುವ ಅಗತ್ಯ ನಿಮಗಿಲ್ಲ. ಆದರೆ 'ಟಿಆರ್-069' ಎಂಬ ಪುಟ ಕಂಡರೆ ಮುಟ್ಟಬೇಡಿ. ಕಂಪನಿಯವರು ದೂರದಿಂದ ಡಬ್ಬಿ ಸರಿಪಡಿಸುವುದು ಅದರ ಮೂಲಕ.

ಹೆಜ್ಜೆ 8: ಡಿಎನ್ಎಸ್ ಮತ್ತು ಅಪ್‌ಡೇಟ್

ಅಡ್ಮಿನ್ ಪಾಸ್‌ವರ್ಡ್ ಸಿಕ್ಕ ಕಳ್ಳ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಡಿಎನ್ಎಸ್‌ಗೆ. ನೀವು ಟೈಪ್ ಮಾಡಿದ ತಾಣದ ಹೆಸರಿಗೆ ಅಂಕಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ಅದನ್ನು ತಿರುಗಿಸಿಟ್ಟರೆ ಬ್ಯಾಂಕಿನ ಹೆಸರು ಒತ್ತಿದರೂ ನಕಲಿ ಪುಟಕ್ಕೆ ಕರೆದೊಯ್ಯಬಹುದು. ಬ್ರೌಸರ್ 'ಈ ಸಂಪರ್ಕ ಸುರಕ್ಷಿತವಲ್ಲ' ಎಂದು ಎಚ್ಚರಿಸಿದಾಗ ಮುಂದುವರಿಯಬೇಡಿ ಅನ್ನುವುದು ಇದೇ ಕಾರಣಕ್ಕೆ. ಡಬ್ಬಿಯ 'ವ್ಯಾನ್' ಮತ್ತು 'ಡಿಎಚ್‌ಸಿಪಿ' ಪುಟಗಳಲ್ಲಿ ಡಿಎನ್ಎಸ್ 'ಆಟೋ' ಎಂದಿದ್ದರೆ ಸರಿ. ಅಪರಿಚಿತ ಅಂಕಿಗಳಿದ್ದರೆ ಆಪರೇಟರನ್ನು ಕೇಳಿ, ಅವರದಲ್ಲದಿದ್ದರೆ ಗೂಗಲಿನ 8.8.8.8 ಅಥವಾ ಕ್ಲೌಡ್‌ಫ್ಲೇರಿನ 1.1.1.1 ಹಾಕಿ. ಮಕ್ಕಳಿರುವ ಮನೆಗೆ 1.1.1.3 ಇನ್ನೂ ಚೆನ್ನ, ವೈರಸ್ ಹಂಚುವ ತಾಣಗಳ ಜತೆ ವಯಸ್ಕರ ತಾಣಗಳನ್ನೂ ಅದು ತಡೆಯುತ್ತದೆ.

ಕಂಪನಿ ಕೊಟ್ಟ ಡಬ್ಬಿಗೆ ಅಪ್‌ಡೇಟ್ ಸಾಮಾನ್ಯವಾಗಿ ಅವರ ಕಡೆಯಿಂದಲೇ ಬರುತ್ತದೆ. ನೀವೇ ಕೊಂಡ ರೂಟರಾದರೆ 'ಫರ್ಮ್‌ವೇರ್ ಅಪ್‌ಗ್ರೇಡ್' ಪುಟದಲ್ಲಿ ಆಗಾಗ ನೋಡಬೇಕು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ರೂಟರ್ ಮತ್ತೆ ಏಳದೇ ಹೋಗಬಹುದು. ಇನ್ವರ್ಟರ್ ಇದ್ದರೆ ಅದರ ಪ್ಲಗ್ಗಿಗೆ ಹಾಕಿ. ಇಲ್ಲದವರು ಜೆಸ್ಕಾಂನವರು ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆಯುವ ದಿನ ಬಿಟ್ಟು ಬೇರೆ ದಿನ ನೋಡಿಕೊಳ್ಳಿ.

ಬೇಡದ ಕಸರತ್ತುಗಳು

ವೈಫೈ ಹೆಸರು ಅಡಗಿಸಿದರೆ ಸುರಕ್ಷಿತ ಎಂದು ಬಹಳ ಜನ ಹೇಳುತ್ತಾರೆ. ಪಟ್ಟಿಯಲ್ಲಿ ಹೆಸರು ಕಾಣದು ನಿಜ, ಆದರೆ ಹುಡುಕಲು ಬಂದವನ ಸಾಫ್ಟ್‌ವೇರಿಗೆ ಸಿಕ್ಕೇ ಸಿಗುತ್ತದೆ. ಮ್ಯಾಕ್ ಫಿಲ್ಟರ್ ಕೂಡ ಅಷ್ಟೇ. ಒಪ್ಪಿಗೆ ಇರುವ ಫೋನಿನ ವಿಳಾಸ ನಕಲು ಮಾಡುವುದು ಕಷ್ಟವಲ್ಲ, ನಿಮ್ಮ ಮನೆಯವರ ಫೋನುಗಳೇ ವಿಳಾಸ ಬದಲಿಸಿಕೊಂಡು ಹೊರಗುಳಿಯುತ್ತವೆ. ಆ ಹೊತ್ತನ್ನು ಪಾಸ್‌ವರ್ಡ್ ಉದ್ದ ಮಾಡಲು ಬಳಸಿ.

ಡಬ್ಬಿ ಇಡುವ ಜಾಗಕ್ಕೆ ಮಾತ್ರ ಅರ್ಥವಿದೆ. ಬೀದಿಯ ಕಿಟಕಿಗೆ ಹೊಂದಿಸಿ ಇಟ್ಟರೆ ಅರ್ಧ ಸಿಗ್ನಲ್ ಬೀದಿಗೇ. ನಡುಮನೆಯಲ್ಲಿಟ್ಟರೆ ನಿಮಗೂ ಚೆನ್ನಾಗಿ ಸಿಗುತ್ತದೆ. 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟಲು ಹೆಣಗುತ್ತದೆ, ಕಲ್ಲುಗೋಡೆಯ ಹಳೆ ಮನೆಗಳಲ್ಲಿ ಪಕ್ಕದ ಕೋಣೆಗೇ ಸರಿಯಾಗಿ ಮುಟ್ಟುವುದಿಲ್ಲ. ಅಂಥ ಕಡೆ ಮಾಳಿಗೆಗೆಂದು ಎರಡನೇ ರೂಟರ್ ಅಥವಾ ರಿಪೀಟರ್ ಹಾಕಿಸಿರುತ್ತಾರೆ. ಅಟ್ಟದಿಂದ ತೆಗೆದ ಹಳೆಯ ರೂಟರಾಗಿದ್ದರೆ ಈವರೆಗಿನ ಎಲ್ಲ ಹೆಜ್ಜೆಗಳನ್ನು ಅದಕ್ಕೂ ಮಾಡಬೇಕು. ಕೆಳಗೆ ಎಲ್ಲ ಭದ್ರಪಡಿಸಿ, ಮೇಲಿನ ರೂಟರಿನಲ್ಲಿ ಡಬ್ಲ್ಯುಪಿಎಸ್ ಬಿಟ್ಟರೆ ಓಣಿಯವರು ಮಾಳಿಗೆಯಿಂದ ಇಳಿದು ಬಂದಂತೆಯೇ.

ಎಲ್ಲ ಮಾಡಿದ ಮೇಲೂ ಯಾರೋ ಇದ್ದರೆ

ಮೊದಲು ಮನೆಯ ಫೋನುಗಳನ್ನೇ ನೋಡಿ. 'ಉಚಿತ ವೈಫೈ' ಹುಡುಕಿಕೊಡುವ ಆ್ಯಪ್‌ಗಳು ಕೆಲವು, ಅದನ್ನು ಹಾಕಿಕೊಂಡವರ ಫೋನಿನಲ್ಲಿರುವ ವೈಫೈ ಪಾಸ್‌ವರ್ಡನ್ನು ಬೇರೆಯವರೊಂದಿಗೆ ಹಂಚುತ್ತವೆ. ಅಂಥದ್ದಿದ್ದರೆ ತೆಗೆದುಹಾಕಿ ಪಾಸ್‌ವರ್ಡ್ ಮತ್ತೆ ಬದಲಿಸಿ. ಮನೆಯ ಮಗನೇ ಗೆಳೆಯನಿಗೆ ಕ್ಯೂಆರ್ ತೋರಿಸಿರಬಹುದು. ಅದಕ್ಕೆ ಸೆಟ್ಟಿಂಗ್ ಇಲ್ಲ, ಕೂರಿಸಿಕೊಂಡು ಹೇಳಬೇಕು. ಡಬ್ಬಿಯ ಹಿಂದಿನಿಂದ ಗೊತ್ತಿಲ್ಲದ ಲ್ಯಾನ್ ಕೇಬಲ್ ಯಾವುದಾದರೂ ಹೊರಗೆ ಹೋಗಿದೆಯೇ ನೋಡಿ. ಇಷ್ಟಾದರೂ ಅನುಮಾನ ಉಳಿದರೆ, ಪಿಪಿಪಿಓಇ ವಿವರ ಕೈಯಲ್ಲಿಟ್ಟುಕೊಂಡು ಪೂರ್ತಿ ರಿಸೆಟ್ ಮಾಡಿ ಮೊದಲಿನಿಂದ ಕಟ್ಟಿಕೊಂಡು ಬನ್ನಿ.

ನಿಮ್ಮ ಕನೆಕ್ಷನ್ ಯಾರೋ ದುರ್ಬಳಕೆ ಮಾಡಿದ್ದಾರೆ ಎಂದು ಖಚಿತವಾದರೆ ಏನನ್ನೂ ಅಳಿಸುವ ಮುನ್ನ ಸಾಧನಗಳ ಪಟ್ಟಿಯ ಮತ್ತು 'ಸಿಸ್ಟಮ್ ಲಾಗ್' ಪುಟದ ಫೋಟೋ ತೆಗೆದುಕೊಳ್ಳಿ, ತಾರೀಖು, ವೇಳೆ ಕಾಣುವಂತೆ. ರಿಸೆಟ್ ಆದರೆ ಅವು ಉಳಿಯುವುದಿಲ್ಲ. ದೂರು ಕೊಡಲು ಜಿಲ್ಲಾ ಕೇಂದ್ರದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಹಣ ಹೋಗಿದ್ದರೆ ಠಾಣೆಗೆ ಹೋಗುವವರೆಗೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳ ಪ್ರಕಾರ, ಅನುಮತಿಯಿಲ್ಲದೆ ಇನ್ನೊಬ್ಬರ ನೆಟ್‌ವರ್ಕಿಗೆ ಅಪ್ರಾಮಾಣಿಕವಾಗಿ ನುಗ್ಗಿದವರಿಗೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸುವ ಅಗತ್ಯ ಇಲ್ಲ. ಫೋನ್ ಕಳೆದಾಗ, ಅಳಿಸದೆ ಮಾರಿದಾಗ, ಬಾಡಿಗೆದಾರರು ಮನೆ ಬಿಟ್ಟಾಗ, ರಿಪೇರಿಗೆ ಹೊಸಬರು ಬಂದು ಹೋದಾಗ ಬದಲಿಸಿದರೆ ಸಾಕು. ಕನೆಕ್ಷನ್ನೇ ಬಿಡುವುದಾದರೆ ಡಬ್ಬಿಯನ್ನು ವಾಪಸ್ ಕೊಡುವ ಮುನ್ನ ಆ ಸಣ್ಣ ತೂತಿಗೆ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿ. ಆಗ ಪಿಪಿಪಿಓಇ ಅಳಿಸಿಹೋದರೂ ಚಿಂತೆಯಿಲ್ಲ.